ಮರಳಿನ ಕೆನೆ

ಸೋಸಕ್ಕನ ತಾತ ಬಾವಿ ತೋಡುವವನು. ಮೂರಾಳು ಆಳದಲ್ಲಿ ಮಣ್ಣು ಜರಿದಾಗ, ಜೊತೆಯವನು ಹಗ್ಗ ಹಿಡಿದು ಮೇಲೇರುವ ತನಕ ಕುಸಿಯುವ ಗೋಡೆಗೆ ಬೆನ್ನು ಕೊಟ್ಟು ನಿಂತ ಗಂಡಾಳು. ಅವನೂ ಬದುಕಿಕೊಂಡ, ಆದರೆ ಆಮೇಲೆ ಸಾಯುವವರೆಗೆ ಬೆನ್ನು ಬಾಗಿ ನೆಲ ನೋಡಿಕೊಂಡೇ ನಡೆದ. ಅವನ ಹೆಂಡತಿ ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆಯುತ್ತಿದ್ದಳು. ಬುಟ್ಟಿಯ ಮಣ್ಣನ್ನು ನಾಲಿಗೆಗೆ ತಾಗಿಸಿ, ಬರುವ ನೀರು ಸಿಹಿಯೋ ಸವುಳೋ ಹೇಳುತ್ತಿದ್ದಳು. ಹೇಳಿದ್ದು ತಪ್ಪಾದದ್ದೂ ಉಂಟು. ಜನ ಅದನ್ನು ಮರೆತರು, ಅವಳು ಮರೆಯಲಿಲ್ಲ. ಸೋಸಕ್ಕನ ಅಪ್ಪ ಪಟ್ಟಣಕ್ಕೆಲ್ಲ ಕುಡಿಯುವ ನೀರು ಸೋಸುವ ಮರಳಿನ ತೊಟ್ಟಿಗಳ ಕಾವಲುಗಾರ. ಅವುಗಳ ಮಗ್ಗುಲಲ್ಲೇ ಉಂಡು, ಅಲ್ಲೇ ಮುದುಕನಾದ. ತಾಯಿ ಗೋದಾಮಿನಲ್ಲಿ ಚೀಲ ಹೊಲಿದು ನಾಲ್ಕು ಮಕ್ಕಳನ್ನು ಸಾಕಿದಳು. ಅವಳ ಕೈಯ ದಬ್ಬಳ ಮಗಳ ಕೈಗೆ ಬಂತು. ಇಷ್ಟು ಜನರ ಬೆವರನ್ನು ಬಿಟ್ಟು ಇವಳೊಬ್ಬಳ ಸಂಗತಿ ಹೇಳಿದರೆ, ಬೇರು ಮುಚ್ಚಿಟ್ಟು ರೆಂಬೆ ತೋರಿಸಿದಂತಾದೀತು.

ಸೋಸಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಸೋಸದ ನೀರು ಅವಳ ಮನೆಯಲ್ಲಿ ಯಾರ ಗಂಟಲಿಗೂ ಇಳಿಯುವಂತಿಲ್ಲ. "ಅಕ್ಕ ಮಳೆಯಲ್ಲಿ ನೆನೆಯೋದೂ ಜರಡಿ ಹಿಡ್ಕೊಂಡೇ" ಎಂದು ಕೆಳಗಿನ ಮನೆಯ ದರ್ಜಿ ಆಡಿಕೊಳ್ಳುತ್ತಿದ್ದ. ಅವಳು ನಗುತ್ತಲೂ ಇರಲಿಲ್ಲ, ಮುನಿಯುತ್ತಲೂ ಇರಲಿಲ್ಲ. ಹಗಲೆಲ್ಲ ಗೋದಾಮಿನ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಚೀಲದ ಬಾಯಿ ಹೊಲಿದು ಬಂದವಳಿಗೆ ಮೆಟ್ಟಿಲು ಹತ್ತುವಾಗ ಮಂಡಿ ಮಾತಾಡುತ್ತಿದ್ದವು. ಮತ್ತೊಬ್ಬರ ಮಾತಿಗೆ ಉತ್ತರ ಕೊಡುವ ಉಸಿರು ಉಳಿಯುತ್ತಿರಲಿಲ್ಲ.

ಮನೆಯೆಂದರೆ ಎರಡನೇ ಅಂತಸ್ತಿನ ಎರಡು ಕೋಣೆ. ಮುಂದಿನದರಲ್ಲಿ ಒಲೆ ಮತ್ತು ಗಂಡನ ಮಂಚ. ಗಂಡ ಅದೇ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನು. ಒಮ್ಮೆ ಹೊಟ್ಟೆಯೊಳಗೆ ಕರುಳು ತಿರುಚಿಕೊಂಡು, ಆಸ್ಪತ್ರೆಯಲ್ಲಿ ಮೊಳದುದ್ದ ಕತ್ತರಿಸಿ ತೆಗೆದರು. ಮನೆಗೆ ಕಳಿಸುವಾಗ ಡಾಕ್ಟರು ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದ್ದರು: "ನಮಗೆ ನಿಮಗೆ ಭೇದಿ ಅಂದ್ರೆ ಎರಡು ದಿನದ ಕಾಟ. ಇವರಿಗೆ ಅದು ಜೀವದ ಮಾತು. ನೀರಿನ ಬಗ್ಗೆ ಹುಷಾರು." ಅಂದಿನಿಂದ ಅವಳ ಬದುಕು ಆ ಒಂದು ಮಾತಿನ ಸುತ್ತ ಗಾಣದ ಎತ್ತಿನಂತೆ ತಿರುಗಿತು.

ಹಿಂದಿನ ಕೋಣೆಯಲ್ಲಿ ಮೂರು ಡ್ರಮ್ಮು. ಒಂದು ಸೋಸುವುದು, ಎರಡು ಕೂಡಿಡುವವು. ಸೋಸುವ ಡ್ರಮ್ಮಿನ ತಳದಲ್ಲಿ ಜಲ್ಲಿ, ಅದರ ಮೇಲೆ ದಪ್ಪ ಮರಳು, ಅದರ ಮೇಲೆ ಸಣ್ಣ ಮರಳು, ಎಲ್ಲದರ ಮೇಲೆ ಒಂದು ಗೇಣು ನೀರು ಯಾವಾಗಲೂ ನಿಂತಿರಬೇಕು. ಹೊಸ ನೀರನ್ನು ತೂತಿನ ತಟ್ಟೆಯ ಮೇಲೆ ನಿಧಾನವಾಗಿ ಸುರಿಯಬೇಕು. ಹೀಗೆ ಕೆಲವು ವಾರ ಸುರಿದರೆ ಮರಳಿನ ಮೈಮೇಲೆ ಕಂದುಹಸಿರು ಲೋಳೆಯ ಒಂದು ಪೊರೆ ಕಟ್ಟುತ್ತದೆ. ನೀರಿನ ಕೆಡುಕನ್ನು ತಿನ್ನುವುದು ಆ ಪೊರೆಯೇ. ಅವಳಪ್ಪ ಅದನ್ನು ಕೆನೆ ಎನ್ನುತ್ತಿದ್ದ. ಕೆನೆ ಕದಲಿದರೆ ಮರಳು ಬರೀ ಮರಳು. ಒಲೆಗೆ ಗ್ಯಾಸ್ ಇರುವ ದಿನ ಸೋಸಕ್ಕ ಗಂಡನ ಪಾಲಿನದನ್ನು ಕಾಯಿಸಿಯೂ ಕೊಡುವಳು. ಇಲ್ಲದ ದಿನ ಆ ಡ್ರಮ್ಮಿನದನ್ನು ಹಾಗೇ ಕೊಟ್ಟರೂ ಅವನ ಹೊಟ್ಟೆ ಹದ ತಪ್ಪಿರಲಿಲ್ಲ.

ಸೋಸಿದ ನೀರು ಎರಡು ನೀಲಿ ಡ್ರಮ್ಮಿಗೆ ಹೋಗುತ್ತಿತ್ತು. ಅವುಗಳ ಬಾಯಿ ಬಿಗಿದು, ಕೆಳಗಿನ ನಲ್ಲಿಯಿಂದಷ್ಟೇ ನೀರು ಬಿಡುವುದು. ಒಳಗೆ ಲೋಟ ಅದ್ದಕೂಡದು, ಕೈಯಂತೂ ದೂರದ ಮಾತು. ಆಗಾಗ ಹಳೆಯದನ್ನು ಬಟ್ಟೆಗೆ ಬಳಸಿ ಹೊಸದು ತುಂಬುವಳು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ವಂಶ ಅಲ್ಲ ಅವಳದು.

"ನನ್ನ ಹೆಂಡ್ತಿ ನನ್ನ ತಲೆ ಮುಟ್ಟಿ ನೋಡೋದು ತಿಂಗಳಿಗೊಂದ್ಸಲ, ಆ ಮರಳಿನ ತಲೆ ದಿನಕ್ಕೆ ಎರಡ್ಸಲ" ಎಂದು ಗಂಡ ಬಂದವರ ಮುಂದೆ ಹೇಳುತ್ತಿದ್ದ.

"ಅದು ಮಾತಾಡಲ್ಲ. ಅದಕ್ಕೇ" ಎನ್ನುತ್ತಿದ್ದಳು ಅವಳು.

ಒಂದು ವರ್ಷ ಹೊಳೆ ಉಕ್ಕಿತು. ಇಲ್ಲಿ ಬಿಸಿಲು, ಮಳೆ ಹೊಯ್ದದ್ದು ಎಲ್ಲೋ ಮೇಲಿನ ಬೆಟ್ಟಗಳಲ್ಲಿ. ನಲ್ಲಿಯಲ್ಲಿ ಮೊದಲು ಟೀ ಬಣ್ಣದ ನೀರು ಬಂತು, ಆಮೇಲೆ ರಾಡಿಯೇ ಬಂತು. ತಗ್ಗಿನ ಗೋದಾಮಿಗೆ ನೀರು ನುಗ್ಗುವ ಮೊದಲು ಧಾನ್ಯವನ್ನೆಲ್ಲ ಬೇರೆ ಚೀಲಕ್ಕೆ ತುಂಬಿ ಹೊಲಿದು ಸಾಗಿಸಬೇಕೆಂದು ಸೋಸಕ್ಕನಿಗೆ ಎರಡಾಳಿನ ಕೆಲಸ ಬಿತ್ತು. ಗಂಡನನ್ನು ನೋಡಿಕೊಳ್ಳಲು ನಾದಿನಿ ಬಂದಳು. ಗಂಡನ ಒಬ್ಬಳೇ ತಂಗಿ, ಲಾಡ್ಜಿನಲ್ಲಿ ಕೋಣೆ ಗುಡಿಸಿ ಒರೆಸುವವಳು. ಅವಳ ಕೈ ಹಾಯ್ದ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಒಳ್ಳೆಯ ಜೀವ, ಆದರೆ ಕೈ ಸುಮ್ಮನಿರುವ ಜಾಯಮಾನದವಳಲ್ಲ.

ಮರುದಿನ ಸಂಜೆ ಸೋಸಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ನಾದಿನಿ ಎದುರಿಗೆ ಬಂದಳು.

"ಅತ್ತಿಗೆ, ಸುಮ್ನೆ ಕೂತ್ಕೊಳ್ಳಿ. ಇವತ್ತು ನಿಮ್ಮ ಆ ಕೊಳಕು ಡ್ರಮ್ಮಿಗೆ ಒಂದು ಗತಿ ಕಾಣಿಸಿದೀನಿ."

"ಯಾವ ಡ್ರಮ್ಮು?"

"ಮರಳಿಂದು. ಮುಚ್ಚಳ ತೆಗೆದ್ರೆ ಎಮ್ಮೆ ಬಿದ್ದೆದ್ದ ಹೊಂಡ ಇದ್ದ ಹಾಗಿತ್ತು. ಅಣ್ಣ ಇದನ್ನ ಕುಡೀತಾನಾ ಅಂತ ಸೆರಗು ಸಿಕ್ಕಿಸಿ ನಿಂತೆ. ಎಲ್ಲ ಸುರಿದು, ಸೋಪಿನ ಪುಡಿ ಹಾಕಿ ಉಜ್ಜಿ, ಏಳು ನೀರಲ್ಲಿ ತೊಳೆದೆ. ಮಾಳಿಗೆ ಮೇಲೆ ಒಣಗ್ತಾ ಇದೆ. ಸಕ್ಕರೆ ಥರ ಬೆಳ್ಳಗಾಗಿದೆ, ಬೇಕಾದ್ರೆ ಹೋಗಿ ನೋಡಿ."

ಸೋಸಕ್ಕ ಕತ್ತು ಚಾಚಿ ಹಿಂದಿನ ಕೋಣೆಯತ್ತ ನೋಡಿದಳು. "ಏಳು ನೀರು ಎಲ್ಲಿಂದ ಬಂತು?"

"ನಲ್ಲೀಲಿ ಬರೋದು ಕೆಸರಲ್ವಾ, ಅದರಲ್ಲಿ ತೊಳೆದ್ರೆ ತೊಳೆದ ಹಾಗಾ? ನೀಲಿ ಡ್ರಮ್ಮಲ್ಲಿ ಹಳೇ ನೀರಿತ್ತಲ್ಲ, ಅದನ್ನ ಖರ್ಚು ಮಾಡಿದೆ. ಎಂದಿಂದೋ ಏನೋ, ಕುಡಿಯೋಕಂತೂ ಆಗ್ತಿರಲಿಲ್ಲ."

ಸೋಸಕ್ಕ ಹಿಂದಿನ ಕೋಣೆಗೆ ಹೋಗಿ ನೀಲಿ ಡ್ರಮ್ಮುಗಳನ್ನು ಬೆರಳ ಗೆಣ್ಣಿನಿಂದ ಬಡಿದಳು. ಒಂದು ಪೂರ್ತಿ ಟೊಳ್ಳು. ಇನ್ನೊಂದು ಸೊಂಟದ ಕೆಳಗೆ ಮಾತ್ರ ದಪ್ಪಗೆ ಸದ್ದು ಕೊಟ್ಟಿತು. ವಾಪಸು ಬಂದು ನೆಲದ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ನಾದಿನಿಗೂ ಹಗುರವಾಗುತ್ತಿತ್ತೇನೋ. ಹಾಲಿಗೆ ಕೆನೆ ಕಟ್ಟಿದಂತೆ ಮರಳಿಗೂ ಕಟ್ಟುತ್ತದೆ, ಅದು ಮತ್ತೆ ಕಟ್ಟಲು ವಾರಗಟ್ಟಲೆ ಬೇಕು ಎಂದು, ಚೀಲ ಎಣಿಸುವ ದನಿಯಲ್ಲಿ ಹೇಳಿದಳು.

ನಾದಿನಿಯ ಮುಖ ಬಾಡಿತು. "ಒಂದು ಮಾತು ಹೇಳಿ ಹೋಗಿದ್ರೆ ನಾನ್ಯಾಕೆ ಮುಟ್ತಿದ್ದೆ ಅತ್ತಿಗೆ? ಕೊಳೆ ಕಂಡ್ರೆ ತೊಳೀಬೇಕು ಅನ್ನೋದೊಂದೇ ನನಗೆ ಗೊತ್ತಿರೋದು."

"ಹೌದು. ಹೇಳಬೇಕಿತ್ತು."

ಮಂಚದ ಮೇಲಿಂದ ಗಂಡ ನಡುವೆ ಬಾಯಿ ಹಾಕಿದ. "ಇವಳು ಚಿಕ್ಕವಳಿದ್ದಾಗ ಕರೀ ಬೆಕ್ಕನ್ನ ಬೆಳ್ಳಗೆ ಮಾಡ್ತೀನಿ ಅಂತ ಬಕೆಟ್ಟಿಗೆ ಅದ್ದಿದ್ಲು ಕಣೇ. ಬೆಕ್ಕು ಪರಚ್ತು. ಮರಳು ಪಾಪ, ಸುಮ್ನೆ ತೊಳೆಸ್ಕೊಂಡಿದೆ."

ನಕ್ಕವನು ಅವನೊಬ್ಬನೇ, ಅದೂ ಅರ್ಧಕ್ಕೆ ನಿಂತಿತು.

ಮಾರನೆಯ ದಿನ ನಲ್ಲಿಯೇ ನಿಂತಿತು. ಗ್ಯಾಸ್ ಸಿಲಿಂಡರಿನ ಗಾಡಿಯೂ ಬರಲಿಲ್ಲ. ಬೀದಿಯ ತೊಟ್ಟಿಯಲ್ಲಿ ಸಿಕ್ಕ ರಾಡಿಯನ್ನು ಸೋಸಕ್ಕ ಕೊಡದಲ್ಲಿ ಹೊತ್ತು ತಂದಳು. ಪಟಿಕದ ತುಂಡನ್ನು ಅದರಲ್ಲಿ ತಿರುವಿ, ಕೆಸರು ಕೂರಲು ಬಿಟ್ಟು, ಮೇಲಿನ ತಿಳಿಯನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿದಳು. ಮಾಳಿಗೆಯ ಮೇಲೆ ಗೋದಾಮಿನ ಮುರುಕು ಪೆಟ್ಟಿಗೆಗಳ ಸೌದೆ ಹೊತ್ತಿಸಿ ಕಾಯಿಸಿದಳು. ತಾನೂ ನಾದಿನಿಯೂ ಅದನ್ನು ಕುಡಿಯುವುದು. ನೀಲಿ ಡ್ರಮ್ಮಿನಲ್ಲಿ ಉಳಿದದ್ದು ಗಂಡನೊಬ್ಬನಿಗೆ. ಹೀಗೆಂದು ಗೊತ್ತುಮಾಡಿ ಮತ್ತೆ ಕೆಲಸಕ್ಕೆ ಹೊರಟಳು. ಕಣ್ಣಲ್ಲಿ ಹೊಗೆ, ಸೊಂಟದಲ್ಲಿ ಕೊಡ ಕೂತ ನೋವು.

ಹೊರಡುವಾಗ ನಾದಿನಿ ಒಂದು ಲೋಟ ಹಿಡಿದು ಬಂದಳು. ತೊಳೆದ ಮರಳನ್ನು ಮತ್ತೆ ಡ್ರಮ್ಮಿಗೆ ತುಂಬಿ, ರಾಡಿಯ ತಿಳಿಯನ್ನು ಅದರಲ್ಲಿ ಇಳಿಸಿದ್ದಳು. ನೀರು ಗಾಜಿನಂತೆ ಇತ್ತು.

"ನೋಡಿ ಅತ್ತಿಗೆ, ಕೆನೆ ಇಲ್ದೇನೇ ಹೇಗೆ ಬಂದಿದೆ."

"ಪಾತ್ರೆ ತೊಳೆಯೋಕೆ ಇಟ್ಕೋ" ಎಂದಷ್ಟೇ ಹೇಳಿ ಸೋಸಕ್ಕ ಮೆಟ್ಟಿಲು ಇಳಿದಳು.

ಆಮೇಲೆ ನಡೆದದ್ದು ಅವಳಿಗೆ ಎರಡು ದಿನ ಕಳೆದ ಮೇಲೆ ಗೊತ್ತಾಯಿತು. ನಾದಿನಿ ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಅತ್ತಳು. ಮಂಚದ ಮೇಲಿನ ಅಣ್ಣನಿಗೆ ಅದನ್ನು ನೋಡಿಕೊಂಡು ಇರಲಾಗಲಿಲ್ಲ. "ತಾ ಇಲ್ಲಿ" ಎಂದು ಅವಳ ಕೈಯಿಂದ ಲೋಟ ಕಿತ್ತುಕೊಂಡು ಗಟಗಟ ಕುಡಿದುಬಿಟ್ಟ. "ಏನೂ ಆಗಲ್ಲ ಹೋಗೇ. ಸ್ವಲ್ಪ ಸೋಪಿನ ಘಮ. ಹೊಟ್ಟೆಯೂ ಒಂದ್ಸಲ ತೊಳೆದ ಹಾಗಾಯ್ತು" ಎಂದ. ತಂಗಿ ಅಳು ನಿಲ್ಲಿಸಿ ನಕ್ಕಳು. ಆ ನಗುವಿಗೆ ಅವನು ಕೊಟ್ಟ ಬೆಲೆ ಸಣ್ಣದಲ್ಲ.

ಮರುದಿನ ಅಣ್ಣನಿಗೆ ಭೇದಿ ಹಿಡಿಯಿತು. ಅದರ ಮಾರನೆಯ ಬೆಳಿಗ್ಗೆಗೆ ಅವನು ಸುರಿದ ಚೀಲದಂತೆ ಮಂಚಕ್ಕೆ ಅಂಟಿಕೊಂಡಿದ್ದ. ಆಸ್ಪತ್ರೆಯ ದಾರಿ ಹೊಳೆಯ ನೀರಿನಡಿ ಮುಳುಗಿತ್ತು. ಸೋಸಕ್ಕ ದಬ್ಬಳ ಗೋಡೆಗೆ ಸಿಕ್ಕಿಸಿ ಮನೆಯಲ್ಲೇ ಉಳಿದಳು. ನೀಲಿ ಡ್ರಮ್ಮಿನ ನೀರನ್ನು ಕಾಯಿಸಿ ಆರಿಸಿ, ಉಪ್ಪು ಸಕ್ಕರೆ ಹದ ಮಾಡಿ, ಚಮಚ ಚಮಚವಾಗಿ ಅವನ ತುಟಿಗೆ ಬಿಟ್ಟಳು. ಬಿಟ್ಟದ್ದು ಅತ್ತ ಹೋಗುವುದು, ಮತ್ತೆ ಬಿಡುವುದು. ಡ್ರಮ್ಮಿನ ಸದ್ದು ದಿನದಿನಕ್ಕೆ ಕೆಳಗಿಳಿಯಿತು. ಕಡೆಗೆ ಅದನ್ನು ಓರೆ ಮಾಡಿ ಇಟ್ಟಿಗೆ ಕೊಟ್ಟು ನಿಲ್ಲಿಸಬೇಕಾಯಿತು. ಅವಳ ನಾಲಿಗೆ ಒಣಗಿ ಅಂಗುಳಿಗೆ ಹತ್ತಿದರೂ ಅದರಿಂದ ಒಂದು ಗುಟುಕು ತನಗೆಂದು ಬಿಟ್ಟುಕೊಳ್ಳಲಿಲ್ಲ. ನಾದಿನಿ ಹಾಸಿಗೆ ಬಟ್ಟೆ ಒಗೆದಳು, ನೆಲ ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು. ನೀರಿನ ಹತ್ತಿರ ಮಾತ್ರ ಸುಳಿಯಲಿಲ್ಲ.

ದೋಣಿಯಲ್ಲಿ ಬಂದ ಆಸ್ಪತ್ರೆಯ ಕಾಂಪೌಂಡರು ಅವನ ಕೈಗೆ ಗ್ಲೂಕೋಸ್ ಬಾಟಲಿ ಏರಿಸುವ ಹೊತ್ತಿಗೆ ಡ್ರಮ್ಮಿನಲ್ಲಿ ಹನಿಗಳಷ್ಟೇ ಉಳಿದಿದ್ದವು. ಇನ್ನರ್ಧ ದಿನ ತಡವಾಗಿದ್ದರೆ ಈ ಬರಹ ಬೇರೆಯೇ ಆಗುತ್ತಿತ್ತು. ಗಂಡನಿಗೆ ಕಣ್ಣು ತೆರೆಯುವ ಶಕ್ತಿ ಬಂದಾಗ ಮೊದಲು ಆಡಿದ್ದು ತಂಗಿಯ ಪರವಾಗಿ.

"ಅವಳು ಕೊಡಲಿಲ್ಲ. ನಾನೇ ಕಿತ್ಕೊಂಡು ಕುಡಿದೆ."

"ಗೊತ್ತು. ಕೊಟ್ಟಿದ್ದನ್ನ ನೀವು ಯಾವತ್ತು ಕುಡಿದಿದೀರಿ?"

ಹೊಳೆ ಇಳಿಯಿತು. ನಲ್ಲಿಗೆ ನೀರು ಬಂತು, ಬಣ್ಣವೂ ಜೊತೆಗೇ ಬಂತು. ಸೋಸಕ್ಕ ಮರಳನ್ನೆಲ್ಲ ಮತ್ತೆ ಹೊರಗೆ ಹಾಕಿ, ಸೋಪಿನ ವಾಸನೆ ಹೋಗುವ ತನಕ ಬರೀ ನೀರಲ್ಲಿ ಜಾಲಿಸಿ, ಪದರ ಪದರವಾಗಿ ತುಂಬಿದಳು. ಇನ್ನು ದಿನವೂ ಬೆಳಿಗ್ಗೆ ಸಂಜೆ ನಿಧಾನವಾಗಿ ಸುರಿಯುವುದು, ಕಾಯುವುದು. ಕೆನೆ ಕಟ್ಟುವವರೆಗೆ ಗಂಡನ ನೀರನ್ನು ಕಾಯಿಸುವುದು. ಇದರ ಮೇಲೆ ಗೋದಾಮಿನ ಕೆಲಸ ಇದ್ದೇ ಇತ್ತು. ಒಂದು ಬೆಳಿಗ್ಗೆ ಅವಳು ಕೊಡ ಎತ್ತಿ ತಟ್ಟೆಯ ಮೇಲೆ ಬಗ್ಗಿಸಿದವಳು, ನಿಂತಲ್ಲೇ ಜೋಂಪು ಹತ್ತಿ ತೂಗಾಡಿದಳು. ಅಣ್ಣನನ್ನು ನೋಡಲು ಬಂದಿದ್ದ ನಾದಿನಿ ಓಡಿ ಬಂದು ಕೊಡ ಹಿಡಿದುಕೊಂಡಳು.

"ಅತ್ತಿಗೆ, ಲಾಡ್ಜಿಗೆ ರಜಾ ಹೇಳಿ ಬಂದಿದೀನಿ. ಇನ್ನು ನಾನು ಸುರೀತೀನಿ. ನೀವು ಹೇಳಿದ ಹಾಗೇ, ತಟ್ಟೆ ಮೇಲೆ, ನಿಧಾನಕ್ಕೆ. ಬೆರಳೂ ಅದ್ದಲ್ಲ. ಕೆನೆ ಕಟ್ಟೋವರೆಗೆ ನೀವು ಕೆಲಸದಿಂದ ಬಂದು ಮಲಗಿ, ಅಷ್ಟೇ."

ಮಾತು ಪ್ರಾಮಾಣಿಕವಾಗಿತ್ತು. ಒಪ್ಪಿಸಿದ್ದರೆ ಅವಳು ಹೇಳಿದಂತೆ ಮಾಡುತ್ತಿದ್ದಳು ಕೂಡ. ಸೋಸಕ್ಕನಿಗೆ ಅದರಲ್ಲಿ ಅನುಮಾನವಿರಲಿಲ್ಲ. ಡ್ರಮ್ಮಿಗೆ ಒರಗಿ ಉಸಿರು ತೆಗೆದುಕೊಂಡಳು.

"ಬೇಡ ಕಣೇ. ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡ್ಕೊಳ್ಳೋಕೂ ಮೈಯಲ್ಲಿ ಏನಾದ್ರೂ ಉಳಿದಿರಬೇಕಲ್ಲ. ನೀನು ಸುರಿದ್ರೆ ನಾನು ಮಲಗಲ್ಲ, ಕಣ್ಣು ಮುಚ್ಕೊಂಡು ನಿನ್ನ ಕೊಡದ ಸದ್ದು ಕೇಳ್ತಾ ಇರ್ತೀನಿ. ನಾನೇ ಸುರಿದ್ರೆ ಒಂದು ಕೆಲಸ. ನೀನು ಸುರಿದ್ರೆ ನನಗೆ ಎರಡು. ಒಂದಕ್ಕೇ ಈಗ ತ್ರಾಣ ಇರೋದು. ಹೋಗು, ಅಣ್ಣನ ಹತ್ರ ಸ್ವಲ್ಪ ಹೊತ್ತು ಕೂತಿದ್ದು ಮನೆಗೆ ಹೋಗು. ಆ ಕೊಡ ಇಲ್ಲಿ ಕೊಡು."