ರಬ್ಬರ್ ಇಲ್ಲದ ಮೂರು ಮೆಟ್ಟಿಲು

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಚಿತ್ರಕಲೆಯೆಂಬ ವಿಷಯವೊಂದಿದೆ ಎಂಬುದನ್ನು ಗೋಡೆಯ ಮೇಲಿನ ವೇಳಾಪಟ್ಟಿ ಬಿಟ್ಟರೆ ಇನ್ನಾರೂ ನೆನಪಿಡದಿದ್ದ ಕಾಲದಲ್ಲಿ, ಅದಕ್ಕೂ ಒಂದು ಕ್ರಮವುಂಟು, ಗಣಿತದಂತೆ ಅದನ್ನೂ ಹಂತ ಹಂತವಾಗಿ ಕಲಿಸಬಹುದು ಎಂದು ಮಾಡಿ ತೋರಿಸಿದವರು ನಮ್ಮ ಗುರುಗಳಾದ ಶ್ರೀ ಷಡಕ್ಷರಿಯವರು. ಮೂವತ್ತಮೂರು ವರ್ಷಗಳ ಸೇವೆಯನ್ನು ಮಾರ್ಟಳ್ಳಿ ಸಮೀಪದ ನಮ್ಮ ಸಂತ ಲೂಕರ ಪ್ರೌಢಶಾಲೆಯೊಂದಕ್ಕೇ ಧಾರೆಯೆರೆದು ಅವರು ನಿವೃತ್ತರಾಗಿದ್ದಾರೆ. ಈ ಅಭಿನಂದನ ಗ್ರಂಥದ ಸಂಪಾದಕರು ‘ಮೇಷ್ಟ್ರ ಗುಣಗಳನ್ನು ಕುರಿತು ಬರೆಯಿರಿ’ ಎಂದು ನನಗೆ ಕಾಗದ ಕಳುಹಿಸಿದರು. ಗುಣಗಳನ್ನು ಬರೆಯಲು ಬೇಕಾದಷ್ಟು ಮಂದಿ ಇದ್ದಾರೆ. ನಾನು ಅವರು ಮಾಡಿದ ಒಂದು ತಪ್ಪನ್ನು ಬರೆಯುತ್ತೇನೆ. ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ, ಯಾರೂ ಹುಬ್ಬೇರಿಸಬೇಕಾಗಿಲ್ಲ.

ಗುರುಗಳು ಮುಳ್ಳೂರಿನ ಅನುಕೂಲಸ್ಥ ಬೇಸಾಯಗಾರರ ಮನೆಯವರು. ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ, ಹಣೆಯ ತುಂಬ ವಿಭೂತಿ ಧರಿಸಿ ಶಿಲುಬೆಯ ಕೆಳಗಿನ ಬಾಗಿಲಿನಿಂದ ಒಳಗೆ ಬಂದ ಈ ಯುವ ಮೇಷ್ಟ್ರನ್ನು ಕಂಡು ಊರವರು ‘ಹೆಚ್ಚೆಂದರೆ ಆರು ತಿಂಗಳು’ ಎಂದು ಲೆಕ್ಕ ಹಾಕಿದ್ದರಂತೆ. ಅವರು ವಿಭೂತಿಯನ್ನೂ ಬಿಡಲಿಲ್ಲ, ಶಾಲೆಯನ್ನೂ ಬಿಡಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಗೋದಲಿಯ ಹಿಂದಿನ ಪರದೆಯನ್ನು ಅವರೇ ಬರೆಯುತ್ತಿದ್ದರು. ಆ ಬೆತ್ಲೆಹೇಮಿನ ಹಿಂದೆ ನಮ್ಮೂರಿನ ಬೆಟ್ಟಗಳೇ ನಿಂತಿರುತ್ತಿದ್ದವು, ಪಕ್ಕದಲ್ಲಿ ರಾಗಿ ಹೊಲವೂ ಇರುತ್ತಿತ್ತು.

ಅವರು ಬರುವ ಮೊದಲು ಚಿತ್ರಕಲೆಯ ಪೀರಿಯಡ್ ಎಂದರೆ ಮಕ್ಕಳಿಗೆ ಆಟ, ಉಳಿದ ಮೇಷ್ಟ್ರುಗಳಿಗೆ ಪಾಠ ಮುಗಿಸಿಕೊಳ್ಳುವ ಅವಕಾಶ. ಗುರುಗಳು ಅದನ್ನು ಮೂರು ವರ್ಷಗಳ ಕೋರ್ಸಾಗಿ ಕಟ್ಟಿದರು. ಎಂಟನೆಯ ತರಗತಿ ಗೆರೆಗೆ, ಒಂಬತ್ತನೆಯದು ನೆರಳಿಗೆ, ಹತ್ತನೆಯದು ಬಣ್ಣಕ್ಕೆ. ನಾವು ಅವನ್ನು ಮೆಟ್ಟಿಲು ಎನ್ನುತ್ತಿದ್ದೆವು. ಮೂರು ತರಗತಿಯವರೂ ಒಂದೇ ಕೋಣೆಯಲ್ಲಿ, ಬೇರೆ ಬೇರೆ ಬೆಂಚುಗಳಲ್ಲಿ ಕೂರುತ್ತಿದ್ದೆವು. ಪ್ರತಿಯೊಂದು ಮಗುವೂ ತನ್ನ ಮನೆಯ ಒಂದು ವಸ್ತುವನ್ನು ಆರಿಸಿಕೊಂಡು ಮೂರು ವರ್ಷವೂ ಅದನ್ನೇ ಬರೆಯಬೇಕು. ಕಣ್ಣಾರೆ ನೋಡದೆ ಏನನ್ನೂ ಬರೆಯುವಂತಿಲ್ಲ. ರಬ್ಬರ್ ತರುವಂತೆಯೇ ಇಲ್ಲ. “ತಪ್ಪಿದ ಗೆರೆ ಅಲ್ಲೇ ಇರ್ಲಿ ಬಿಡ್ರಪ್ಪ, ಸರಿಯಾದ್ದು ಅದ್ರ ಪಕ್ಕದಲ್ಲಿ ಬರ್ಲಿ” ಎಂಬುದು ಅವರ ಮಾತು. ನೋಡದೆ ಬರೆದು ಸಿಕ್ಕಿಬಿದ್ದವರು ಎಂಟನೆಯವರ ಬೆಂಚಿಗೆ ಇಳಿದು, ಒಂದು ಪೂರ್ತಿ ತಿಂಗಳು ಬರಿಯ ಗೆರೆ ಎಳೆಯಬೇಕು. ಹೀಗೆ ಇಳಿದವರಿಗೆ ಮೂರನೆಯ ಮೆಟ್ಟಿಲು ತಡವಾಗುತ್ತಿತ್ತು. ಅದನ್ನು ಹತ್ತದವರನ್ನು ಅವರು ಸರ್ಕಾರದ ಚಿತ್ರಕಲೆಯ ಹೈಯರ್ ಗ್ರೇಡ್ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ.

ನಾನು ಎಂಟನೆಯ ತರಗತಿಗೆ ಸೇರಿದ್ದು ಎರಡು ಸಾವಿರದ ಮೂರರಲ್ಲಿ. ಆರಿಸಿಕೊಂಡ ವಸ್ತು ನನ್ನ ಅಜ್ಜಿ ಪುಟ್ಟಮಾದಮ್ಮನ ಮೊರ. ಚಿತ್ರಕಲಾ ಶಿಕ್ಷಕಿಯಾಗಬೇಕೆಂಬ ಹುಚ್ಚು ನನಗೆ ಆಗಲೇ ಹಿಡಿದಿತ್ತು, ಅದಕ್ಕೆ ಹೈಯರ್ ಗ್ರೇಡ್ ಬೇಕೇ ಬೇಕಿತ್ತು. ಒಂಬತ್ತನೆಯದರಲ್ಲಿ ನೆರಳಿನ ಪಾಠ ಬಂದಾಗ, ಬಿಸಿಲಿನಲ್ಲಿ ಗೋಡೆಗೆ ಒರಗಿಸಿದ ಮೊರವನ್ನೂ ಅದರ ನೆರಳನ್ನೂ ಬರೆದೆ. ನೆರಳಿನ ತುಂಬ ಸಣ್ಣ ಸಣ್ಣ ಬೆಳಕಿನ ಚುಕ್ಕಿಗಳನ್ನು ಬಿಟ್ಟಿದ್ದೆ.

ಗುರುಗಳು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. “ಸಗಣಿ ಬಳಿದಿರೋ ಮೊರದಲ್ಲಿ ಬೆಳಕು ಎಲ್ಲಿಂದ ತೂರ್ತದಮ್ಮ? ಚೆಂದ ಕಾಣ್ಲಿ ಅಂತ ಮನಸ್ಸಿಗೆ ಬಂದದ್ದು ಬರ್ದಿದ್ದೀಯ. ನೋಡಿ ಬರ್ದಿಲ್ಲ. ಕೆಳಗಿನ ಬೆಂಚಿಗೆ ಓಗು” ಎಂದರು.

ನಾನು ಉತ್ತರ ಕೊಡಬಹುದಿತ್ತು. ನಮ್ಮ ಮನೆಯಲ್ಲಿ ಹಸುವಿಲ್ಲ, ಆ ಮೊರಕ್ಕೆ ಸಗಣಿ ಬಳಿದು ವರ್ಷಗಳಾಗಿವೆ, ಬಿದಿರು ಸವೆದು ಜರಡಿಯಂತಾಗಿದೆ, ಎದುರಿನಿಂದ ಕಾಣದ ತೂತು ನೆರಳಿನಲ್ಲಿ ಕಾಣುತ್ತದೆ ಎನ್ನಬಹುದಿತ್ತು. ಐವತ್ತು ಮಕ್ಕಳ ಮುಂದೆ ಅದನ್ನು ಹೇಳಲು ನನಗೆ ನಾಲಿಗೆ ಏಳಲಿಲ್ಲ. ನಾಚಿಕೆ! ಸುಳ್ಳುಗಾತಿ ಎನಿಸಿಕೊಂಡರೂ ಸರಿ, ತೂತು ಮೊರದವರ ಮನೆಯವಳು ಎನಿಸಿಕೊಳ್ಳಬಾರದು ಎಂದು ತಲೆ ತಗ್ಗಿಸಿ ಎಂಟನೆಯವರ ಜೊತೆ ಕುಳಿತೆ. ಒಳಗೆ ಕೋಪ ಕುದಿಯುತ್ತಿತ್ತು. ಮೂರು ದಿನ ಹೇಗೋ ಕಳೆದು, ನಾಲ್ಕನೆಯ ದಿನದಿಂದ ಶಾಲೆಗೇ ಹೋಗಲಿಲ್ಲ.

ಗುರುಗಳು ವಾರವೆಲ್ಲ ಮಾರ್ಟಳ್ಳಿಯ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಮುಳ್ಳೂರಿಗೆ ಹೋಗುತ್ತಿದ್ದವರು. ಆ ಶನಿವಾರ ಊರಿನ ಬಸ್ಸು ಬಿಟ್ಟು, ಭಾನುವಾರ ನಾಲ್ಕು ಮೈಲಿ ನಡೆದು ಬೆಳಿಗ್ಗೆ ಒಂಬತ್ತಕ್ಕೇ ನಮ್ಮ ಮನೆ ಮುಂದೆ ನಿಂತರು. ಅಜ್ಜಿ ಅಂಗಳದಲ್ಲಿ ಅವರೆಕಾಳು ಕೇರುತ್ತಿದ್ದಳು. ನಾನು ಬಾಗಿಲ ಹಿಂದೆ ಅಡಗಿದೆ.

“ಏನ್ ತಪ್ಪು ಮಾಡುದ್ಲು ಸಾ ನಮ್ ಕೂಸು? ಕೇಳುದ್ರೆ ಬಾಯೇ ಬುಡಾಕಿಲ್ಲ” ಎಂದಳು ಅಜ್ಜಿ, ಮೊರವನ್ನು ಕೈಯಲ್ಲಿ ಹಿಡಿದುಕೊಂಡೇ.

ಗುರುಗಳ ಕಣ್ಣು ನೆಲದ ಮೇಲಿತ್ತು. ಎಳೆ ಬಿಸಿಲಿಗೆ ಅಜ್ಜಿಯ ಮೊರದ ನೆರಳು ಅಂಗಳದಲ್ಲಿ ಬಿದ್ದಿತ್ತು, ಅದರ ತುಂಬ ಬೆಳಕಿನ ಚುಕ್ಕಿಗಳಿದ್ದವು.

“ತಪ್ಪು ಅವಳ್ದಲ್ಲ ಕಣವ್ವ, ನಂದು” ಎಂದರು. “ನಮ್ಮಟ್ಟಿ ಮೊರನೇ ಎಲ್ಲಾರ ಮನೆ ಮೊರ ಅಂದ್ಕೊಬುಟ್ಟೆ. ನೋಡ್ದೆ ಮಾತಾಡ್ದೋನು ನಾನು.” ಆಮೇಲೆ ಬಹಳ ಸಂಕೋಚದಿಂದ, “ಈ ಮೊರ ಒಂದು ತಿಂಗಳು ಕೊಡ್ತೀರಾ?” ಎಂದು ಕೇಳಿದರು.

“ತಕಂಡೋಗಿ ಸಾ. ಆದ್ರೆ ವಾಪಸ್ ಕೊಟ್ಬುಡಿ, ಇರೋದು ಅದೊಂದೇಯ” ಎಂದಳು ಅಜ್ಜಿ. ಆ ಒಂದು ತಿಂಗಳು ಅವಳು ಪಕ್ಕದ ಮನೆಯ ಮೊರವನ್ನು ಕಾಡಿ ಬೇಡಿ ತಂದಳು, ದಿನಾ ಗೊಣಗಿದಳು.

ಸೋಮವಾರ ಗುರುಗಳು ನನ್ನನ್ನು ಒಂಬತ್ತನೆಯವರ ಬೆಂಚಿಗೆ ಹತ್ತಿಸಿ, ನಡೆದದ್ದನ್ನು ತರಗತಿಗೆ ಎರಡೇ ಮಾತಿನಲ್ಲಿ ಹೇಳಿದರು. ನಮ್ಮ ಬಡತನದ ಸುದ್ದಿ ಎತ್ತಲಿಲ್ಲ. “ಮೊರ ಸರಿಯಾಗೇ ಬರ್ದಿದ್ಲು, ನನ್ ಕಣ್ಣೇ ಸರಿಯಿರ್ಲಿಲ್ಲ” ಎಂದರು, ಅಷ್ಟೆ. ಅನಂತರ ಮೊರವನ್ನು ಕಿಟಕಿಗೆ ಒರಗಿಸಿ, ಹಾಳೆ ಪೆನ್ಸಿಲ್ಲು ಹಿಡಿದು ಎಂಟನೆಯವರ ಬೆಂಚಿನಲ್ಲಿ, ಮೊಣಕಾಲು ಮಡಿಸಲಾಗದೆ ಓರೆಯಾಗಿ ಕುಳಿತರು. ಪಾಠಕ್ಕೆ ಎದ್ದು ನಿಲ್ಲುವುದು, ಪಾಠ ಮುಗಿದರೆ ಬೆಂಚಿಗೆ ಮರಳಿ ಗೆರೆ ಎಳೆಯುವುದು. ಒಂದು ದಿನ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಆರೋಗ್ಯ ಮೇರಿ ಬಂದು ನೋಡಿ, “ಮೇಷ್ಟ್ರೇ, ಮಕ್ಕಳ ಮುಂದೆ ಇದೆಲ್ಲ ಬೇಕಾ?” ಎಂದು ಮೆಲ್ಲಗೆ ಕೇಳಿದರು.

“ಅವಳನ್ನ ಇಳಿಸಿದ್ದು ಮಕ್ಕಳ ಮುಂದೆ ಸಿಸ್ಟರ್. ನಾನೂ ಮಕ್ಕಳ ಮುಂದೇನೇ ಇಳೀಬೇಕು” ಎಂದರು ಗುರುಗಳು. ತಿಂಗಳಿಗೆ ಒಂದು ದಿನವೂ ಕಡಿಮೆ ಮಾಡಲಿಲ್ಲ. ಮೊರವನ್ನು ತಾವೇ ಹೊತ್ತು ತಂದು ಅಜ್ಜಿಯ ಕೈಗೆ ಒಪ್ಪಿಸಿದರು.

ಮರುವರ್ಷ ನಾನು ಬಣ್ಣದ ಮೆಟ್ಟಿಲು ಹತ್ತಿದೆ, ಹೈಯರ್ ಗ್ರೇಡ್‌ಗೆ ಕುಳಿತೆ, ಮೈಸೂರಿನಲ್ಲಿ ಕಲಿತು ಹನೂರಿನ ಶಾಲೆಯೊಂದರಲ್ಲಿ ಶಿಕ್ಷಕಿಯಾದೆ. ನನ್ನ ಹಿಂದೆಯೂ ಮುಂದೆಯೂ ನೂರಾರು ಮಕ್ಕಳು ಆ ಮೆಟ್ಟಿಲು ಹತ್ತಿದ್ದಾರೆ. ಶಿವಕುಮಾರಸ್ವಾಮಿ ಯಳಂದೂರಿನಲ್ಲಿ ಬೋರ್ಡು ಬರೆಯುತ್ತಾನೆ, ಭವ್ಯಶ್ರೀ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಯ ಅಂಚಿನ ವಿನ್ಯಾಸ ಮಾಡುತ್ತಾಳೆ. ಉಳಿದ ಬಹುಮಂದಿ ಪೆನ್ಸಿಲ್ಲನ್ನೇ ಮುಟ್ಟದೆ ಸುಖವಾಗಿದ್ದಾರೆ. ಗುರುಗಳಿಗೆ ಅದರಿಂದ ಬೇಸರವೇನೂ ಇಲ್ಲ. ನೋಡುವುದನ್ನು ಕಲಿತರಲ್ಲ, ಸಾಕು ಎನ್ನುತ್ತಾರೆ.

ಈ ವರ್ಷ ಅವರ ಸ್ಥಾನಕ್ಕೆ ಆಡಳಿತ ಮಂಡಳಿ ನನ್ನನ್ನೇ ಕರೆಯಿತು. ಚಿತ್ರಕಲೆಯ ಸಾಮಾನಿನ ಬೀರುವಿನ ಬೀಗದ ಕೈ ಕೊಡುವ ದಿನ ಅವರ ಬಲಗೈ ನಡುಗುವುದನ್ನು ಕಂಡೆ. ಕೆಲವು ತಿಂಗಳಿಂದ ಹೀಗಂತೆ, ಯಾರಿಗೂ ಹೇಳಿರಲಿಲ್ಲವಂತೆ. ಮೂರು ದಶಕ ನೂರಾರು ಕೈಗಳನ್ನು ತಿದ್ದಿದ ಕೈ ಅದು. ಅವರೋ, ನನ್ನ ಮುಖ ನೋಡಿ ನಕ್ಕರು.

“ಅಳ್ಬೇಡ ಕಣಮ್ಮ ಜ್ಯೋತಿಲಕ್ಷ್ಮಿ. ಜೂನ್ ತಿಂಗಳಿಂದ ಎಂಟ್ನೇ ಕ್ಲಾಸಲ್ಲಿ ನಂಗೊಂದು ಜಾಗ ಇಡು. ಗೆರೆ ನಡುಗ್ತದೆ, ಮೊದ್ಲಿಂದ ಕಲೀಬೇಕು.”

“ಮನೆಯಿಂದ ಒಂದು ವಸ್ತು ತರಬೇಕು ಸಾ” ಎಂದೆ, ಕಣ್ಣೊರೆಸಿಕೊಳ್ಳುತ್ತ.

“ನಿಮ್ಮಜ್ಜಿ ಮೊರ ಅದ್ಯಲ್ಲ, ಅದ್ನೇ ಕೊಡು. ಆಗ ಪೂರ್ತಿ ನೋಡಿರ್ಲಿಲ್ಲ” ಎಂದರು. ಅಜ್ಜಿ ಈಗಿಲ್ಲ. ಮೊರವನ್ನು ತಂದು ಅದೇ ಕಿಟಕಿಯ ಪಕ್ಕದಲ್ಲಿ ತೂಗುಹಾಕಿದ್ದೇನೆ.

ಅಭಿನಂದನ ಗ್ರಂಥಗಳಲ್ಲಿ ಲೇಖಕರು ಹಿರಿಯರಿಗೆ ದೀರ್ಘಾಯುಷ್ಯವನ್ನು ಹಾರೈಸುವುದು ಪದ್ಧತಿ. ಬರಿಯ ಹಾರೈಕೆಯಲ್ಲಿ ನನಗೆ ನಂಬಿಕೆ ಸಾಲದು. ಗುರುಗಳೇ, ನಿಮ್ಮ ಹೆಸರನ್ನು ಎಂಟನೆಯ ತರಗತಿಯ ಚಿತ್ರಕಲೆಯ ಹಾಜರಿಯಲ್ಲಿ ಬರೆದಾಗಿದೆ. ಕೋರ್ಸು ಮೂರು ವರ್ಷದ್ದು, ನಡುವೆ ಬಿಟ್ಟುಹೋಗುವಂತಿಲ್ಲ. ಗೆರೆ ನಡುಗಿದರೆ ಅಲ್ಲೇ ಇರಲಿ, ಸರಿಯಾದದ್ದು ಅದರ ಪಕ್ಕದಲ್ಲಿ ಬರಲಿ. ಒಂದು ಮಾತು ಮಾತ್ರ ಈಗಲೇ ತಿಳಿಸಿಬಿಡುತ್ತೇನೆ: ಒಂದೊಂದು ಮೆಟ್ಟಿಲಿನಲ್ಲೂ ಹತ್ತು ಹನ್ನೆರಡು ವರ್ಷ ಕೂರಿಸಿಕೊಳ್ಳುವ ಅಧಿಕಾರ ಈಗ ನನ್ನ ಕೈಯಲ್ಲಿದೆ, ಮತ್ತು ನಿಮ್ಮನ್ನು ಬೇಗ ಪಾಸು ಮಾಡಿ ಕಳುಹಿಸುವವಳು ನಾನಲ್ಲ.