ಅರ್ಧ ಸವರಿದ ಗಿಡ

ಕಡಲೆಕಾಯಿ ಹಿಂಡಿಯನ್ನು ನೀರಿನಲ್ಲಿ ನೆನೆಹಾಕಿ ಎರಡು ಮೂರು ದಿನ ಮುಚ್ಚಿಟ್ಟರೆ ಬರುವ ವಾಸನೆ ಗಿಡ ಸಾಕಿದವರಿಗೆಲ್ಲ ಗೊತ್ತು. ಹುಳಿ ಹುಳಿ, ಕೊಳೆತದ್ದು, ಅದರ ಅಡಿಯಲ್ಲಿ ಸ್ವಲ್ಪ ಗಾಣದ ಎಣ್ಣೆಯದು. ಮೊನ್ನೆ ಬೆಳಿಗ್ಗೆ ತರೀಕೆರೆಯ ನಮ್ಮ ಮನೆಯ ಹಿಂದೆ ಬಟ್ಟೆ ಒಣಹಾಕುತ್ತಿದ್ದಾಗ ಕಾಂಪೌಂಡಿನ ಆಚೆಯಿಂದ ಆ ವಾಸನೆ ಬಂತು. ಪಕ್ಕದ ಮನೆಯಾಕೆ ತಮ್ಮ ಗುಲಾಬಿ ಗಿಡಕ್ಕೆ ಹಿಂಡಿ ನೀರು ಹಾಕುತ್ತಿದ್ದರು. "ವಾಸ್ನೆ ಬಂತೇನ್ರೀ? ಬೇಜಾರ್ ಮಾಡ್ಕೋಬೇಡಿ" ಎಂದರು. "ಇಲ್ಲ ಬಿಡ್ರೀ" ಎಂದೆ. ಮೂಗು ಮುಚ್ಚಿಕೊಳ್ಳಬೇಕಾದ ವಾಸನೆಗೆ ಒದ್ದೆ ಸೀರೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಅಳು ಬರಲಿಲ್ಲ. ಪುಟ್ಟತ್ತೆಯ ವಿಷಯಕ್ಕೆ ನನಗೆ ಅಳು ಬರುವುದು ನಿಂತು ಬಹಳ ಕಾಲವಾಯಿತು. ಅದೂ ದೇವರು ಕೊಟ್ಟದ್ದೇ ಎಂದುಕೊಳ್ಳುತ್ತೇನೆ.

ಪುಟ್ಟತ್ತೆ ನನ್ನ ಅಪ್ಪನ ತಂಗಿ. ಅಜ್ಜಂಪುರದಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿದ್ದ ನಮ್ಮ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು, ಮತ್ತು ಪುಟ್ಟತ್ತೆ. ಅವಳನ್ನು ಯಗಟಿಗೆ ಕೊಟ್ಟಿದ್ದರು. ಅವಳ ಗಂಡ ನನಗೆ ಮಾವ. ಅವರ ಮನೆಯಲ್ಲಿ ತೆಂಗು, ಕುರಿ, ರಾಗಿ ಹೊಲ ಎಲ್ಲ ಇತ್ತು. ಮದುವೆಯಾಗಿ ವರ್ಷ ತುಂಬುವುದರೊಳಗೆ ಒಂದು ದಿನ ಮಾವ "ಸಂಜೆಗೆ ಬತ್ತೀನಿ" ಎಂದು ಹೇಳಿ ಬೀರೂರಿನ ಬಸ್ಸು ಹತ್ತಿದವರು ತಿರುಗಿ ಬರಲಿಲ್ಲ. ಸ್ಟೇಷನ್ನಿನಲ್ಲಿ ರೈಲು ಹತ್ತುವುದನ್ನು ಕಂಡೆವು ಎನ್ನುವವರಿದ್ದರು. ಯಾವ ಕಡೆಯ ರೈಲು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಿದ್ದರು. ಹುಡುಕುವಷ್ಟು ಹುಡುಕಿ, ಕೊನೆಗೆ ಅಪ್ಪ ಹೋಗಿ ತಂಗಿಯನ್ನು ಅವಳ ಟ್ರಂಕಿನ ಸಮೇತ ಕರೆತಂದರು. ಇದೆಲ್ಲ ನಾನು ಹುಟ್ಟುವ ಮೊದಲಿನ ಮಾತು. ನನಗೆ ಬುದ್ಧಿ ಬಂದಾಗ ಪುಟ್ಟತ್ತೆ ಎಂದರೆ ಹಣೆಯಲ್ಲಿ ಕಾಸಗಲ ಕುಂಕುಮ, ತುರುಬಿನಲ್ಲಿ ಒಂದು ಕೆಂಪು ಗುಲಾಬಿ. ಆ ಹೂವಿಲ್ಲದೆ ಅವಳು ಹಿತ್ತಲಿನಿಂದ ಅಡುಗೆಮನೆಯೊಳಗೆ ಬಂದದ್ದನ್ನೂ ನಾನು ಕಂಡಿಲ್ಲ.

ಆ ಗಿಡ ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಕಲ್ಲತ್ತಿಗಿರಿಯ ವೀರಭದ್ರ ಸ್ವಾಮಿಗೆ ಹರಕೆ ಒಪ್ಪಿಸಲು ಮನೆಯವರೆಲ್ಲ ಹೋಗಿದ್ದರಂತೆ. ಹಾಗೇ ಮೇಲಕ್ಕೆ ಹೋಗಿ ತೋಟ ನೋಡಿದರಂತೆ. ಅಲ್ಲಿ ಪುಟ್ಟತ್ತೆ ಒಂದು ಗಿಡದ ಮುಂದೆ ನಿಂತವಳು ಕದಲಲೇ ಇಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಒಂದೊಂದು ಕೊಂಬೆಯ ತುದಿಗೂ ಗೊಂಚಲು, ಒಂದು ಅರಳಿದ್ದರೆ ನಾಲ್ಕು ಮೊಗ್ಗು. ಇದು ಯಾವ ಕಾಲದಲ್ಲಿ ಹೂ ಬಿಡುತ್ತದೆ ಎಂದು ಅವಳು ಕೇಳಿದ್ದಕ್ಕೆ ಅಲ್ಲಿಯವನು, "ಇದಕ್ಕೆ ಕಾಲ ಅಂತ ಇಲ್ಲಮ್ಮ, ವರ್ಷವೆಲ್ಲ ಬಿಡುತ್ತೆ" ಎಂದನಂತೆ. ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ನಮ್ಮ ಹಿತ್ತಲಲ್ಲಿ ಮಲ್ಲಿಗೆ ಇತ್ತು, ಬೇಸಿಗೆ ಮುಗಿದರೆ ಅದೂ ಮುಗಿಯುತ್ತಿತ್ತು. ಸೇವಂತಿಗೆ ಇತ್ತು, ಅದು ಚಳಿಗಾಲದ್ದು. ನಡುವೆ ಹೂವಿಲ್ಲದ ದಿನಗಳಲ್ಲಿ ಅವಳ ಬರಿ ತುರುಬು ನೋಡಿ ಬೀದಿಯವರು ದನಿ ತಗ್ಗಿಸುತ್ತಿದ್ದರು: "ಸುದ್ದಿ ಏನಾರ ಬಂತೇನೋ?" ಹೂವಿದ್ದರೆ ಗಂಡನಿದ್ದಾನೆ, ಇಲ್ಲದಿದ್ದರೆ ಇಲ್ಲ. ಅವಳಿಗೆ ನಿಲ್ಲದೆ ಹೂ ಬಿಡುವ ಗಿಡ ಬೇಕಾಗಿತ್ತು.

ಗುಲಾಬಿಯನ್ನು ಆಗಾಗ ಸವರಬೇಕು, ಸವರಿದರೆ ಚಿಗುರಿ ಮತ್ತೆ ಹೂ ಬರುವವರೆಗೆ ತಿಂಗಳಿಗೂ ಮಿಕ್ಕಿ ಕಾಯಬೇಕು. ಅದಕ್ಕೇ ಪುಟ್ಟತ್ತೆ ಗಿಡವನ್ನು ಒಂದೇ ಸಲ ಸವರುತ್ತಿರಲಿಲ್ಲ. ಬಾವಿಯ ಕಡೆಯ ಅರ್ಧ ಈಗ, ಗೋಡೆಯ ಕಡೆಯ ಅರ್ಧ ಇದು ಚಿಗುರಿ ಹೂ ಬಿಟ್ಟ ಮೇಲೆ. ನಮ್ಮ ಗಿಡ ಯಾವಾಗಲೂ ಅರ್ಧ ಬೋಳು, ಅರ್ಧ ಕೆಂಪು. ನೋಡಿದವರೆಲ್ಲ ನಗುತ್ತಿದ್ದರು. ಅಮ್ಮನೂ ಬಿಡುತ್ತಿರಲಿಲ್ಲ. "ಇದೇನ್ ಪುಟ್ಟಮ್ಮ, ಅರ್ಧ ಕ್ಷೌರಕ್ಕೆ ಎದ್ದುಬಂದೋರ್ ಹಂಗೆ ಕಾಣ್ತದೆ ನಿನ್ ಗಿಡ" ಎನ್ನುವಳು. "ಕಾಣ್ಲಿ ಬಿಡು ಅತ್ತಿಗೆ, ಅದುಕ್ಕೇನು ಗಂಡು ಹುಡುಕ್ಬೇಕಾ?" ಎನ್ನುವಳು ಪುಟ್ಟತ್ತೆ. ಕೊಟ್ಟಿಗೆ ಗೊಬ್ಬರ, ಮೀನು ತೊಳೆದ ನೀರು, ಹಿಂಡಿ ನೀರು ಎಲ್ಲ ಅದಕ್ಕೇ. ಬುಡದಲ್ಲಿ ಕಸಿ ಕಟ್ಟಿದ ಗಂಟಿನ ಕೆಳಗೆ ಒಂದು ಬಗೆಯ ತೆಳು ಹಸಿರಿನ ಚಿಗುರು ಬರುತ್ತಿತ್ತು. ಅದನ್ನು ಮಾತ್ರ ಕಂಡ ಕೂಡಲೇ ಮುರಿದು ಬಿಸಾಡುತ್ತಿದ್ದಳು. ಯಾಕೆಂದು ನಾವು ಯಾರೂ ಕೇಳಿರಲಿಲ್ಲ.

ಅಜ್ಜಿ ಮಾತ್ರ ಆ ಹೂವನ್ನು ದೇವರ ಗೂಡಿಗೆ ಸೇರಿಸುತ್ತಿರಲಿಲ್ಲ. ವಾಸನೆಯಿಲ್ಲದ್ದು ದೇವರಿಗೆ ಸಲ್ಲದು ಎಂಬುದು ನಮ್ಮ ಮನೆಯ ಪದ್ಧತಿ. ಆ ಗುಲಾಬಿಗೆ ಎಷ್ಟು ಮೂಗು ಒತ್ತಿದರೂ ಎಲೆಯ ಹಸಿ ವಾಸನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ನಾನೊಮ್ಮೆ ಸ್ಕೂಲಿಗೆ ಹೊರಟಾಗ, "ಅತ್ತೆ, ಇದು ಗಮ್ಮನ್ನಲ್ಲ, ನಂಗೆ ಬ್ಯಾಡ" ಎಂದು ಹಟ ಮಾಡಿದೆ. ನನ್ನ ಜಡೆಗೆ ಸಿಕ್ಕಿಸುತ್ತ, "ಗಮ್ಮಂದ್ರೆ ಎಲ್ರೂ ತಿರುಗಿ ನೋಡ್ತಾರೆ ಕಣೇ. ಇದು ಬೇಕಾದೋರ ಕಣ್ಣಿಗೆ ಮಾತ್ರ ಕಾಣ್ತದೆ" ಎಂದಳು.

ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಯಗಟಿಯಿಂದ ಅವಳ ಭಾವ, ಮಾವನ ಅಣ್ಣ, ಬಂದರು. ಮಾವ ಹೋಗಿ ಹನ್ನೆರಡು ವರ್ಷ ತುಂಬಿತ್ತು. ಹನ್ನೆರಡು ವರ್ಷ ಸುದ್ದಿಯಿಲ್ಲದವನ ಹೆಸರಿನಲ್ಲಿ ಹುಲ್ಲಿನ ಗೊಂಬೆ ಮಾಡಿ ಮಣ್ಣು ಮಾಡಿ, ತಿಥಿ ಮಾಡಬೇಕು ಎಂದು ಹಿರಿಯರು ಹೇಳಿದ್ದಾರೆ ಎಂದರು. ಅಷ್ಟಾದ ಮೇಲೆ ಹೆಂಡತಿಯ ಕುಂಕುಮ, ಹೂವು ತೆಗೆಯಬೇಕು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಜಗುಲಿಯ ನೆಲ ನೋಡುತ್ತ ಕೂತರು. ಅಜ್ಜಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಪುಟ್ಟತ್ತೆ ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹಿತ್ತಲಿಗೆ ಹೋದಳು, ಒಂದು ಗೊಂಚಲನ್ನೇ ಮುರಿದು, ದಿನದ ಒಂದು ಹೂವಿನ ಜಾಗಕ್ಕೆ ಇಡೀ ಗೊಂಚಲು ಮುಡಿದು, ಕಾಫಿ ಲೋಟ ಹಿಡಿದು ಭಾವನ ಮುಂದೆ ಬಂದು ನಿಂತಳು.

"ಕಾಫಿ ತಗಳಿ ಭಾವ. ಸಕ್ರೆ ಸಾಕಾ ನೋಡಿ."

ಭಾವ ತಲೆಯೆತ್ತಿದರು, ನೋಡಿದರು, ಲೋಟ ತೆಗೆದುಕೊಂಡರು. ಅಜ್ಜಿ ಮತ್ತೆ ಜಗಿಯತೊಡಗಿ, "ಹುಲ್ಲಿದ್ರೆ ನಿನ್ ಕುರಿಗೆ ಹಾಕಪ್ಪಾ, ಈ ಬ್ಯಾಸ್ಗೇಲಿ ತಿಂದ್ಕಂಡಾವು" ಎಂದರು. ಆ ಮಾತು ಅಲ್ಲಿಗೇ ನಿಂತುಹೋಯಿತು.

ಅವತ್ತು ಸಂಜೆ ಬಾವಿಕಟ್ಟೆಯ ಮೇಲೆ ಕೂತು, "ಮಾವ ಬತ್ತಾರಾ ಅತ್ತೆ?" ಎಂದು ಕೇಳಿದೆ. ಅವಳು ಒಣಗಿದ ಹೂಗಳನ್ನು ಚಿವುಟುತ್ತಿದ್ದಳು. "ಬರೋದು ಬಿಡೋದು ಅವರಿಗೆ ಬಿಟ್ಟಿದ್ದು ಕಣೇ. ಮುಡಿಯೋದು ನಂಗೆ ಬಿಟ್ಟಿದ್ದು" ಎಂದಳು. ದನಿಯಲ್ಲಿ ದುಃಖವೂ ಇರಲಿಲ್ಲ, ಆಸೆಯೂ ಇರಲಿಲ್ಲ.

ನಾನು ಹೈಸ್ಕೂಲು ಮುಗಿಸಿದ ವರ್ಷ ಅವಳಿಗೆ ಜ್ವರ ಬಂದು ಎದೆಗೆ ಇಳಿಯಿತು. ಕಡೂರಿನ ಆಸ್ಪತ್ರೆಯಿಂದ ಮನೆಗೆ ಕರೆತಂದ ಮಾರನೆಯ ಬೆಳಿಗ್ಗೆ ಹೋಗಿಬಿಟ್ಟಳು. ಅಜ್ಜಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಮಗಳ ಸಾವು ನೋಡದೆ ಹೋದದ್ದು ಅವರ ಪುಣ್ಯ. ಹೆಣಕ್ಕೆ ಸ್ನಾನ ಮಾಡಿಸಿ ಹೊಸ ಸೀರೆ ಉಡಿಸಿದರು. ಆಮೇಲೆ ಎಲ್ಲರ ಕೈ ನಿಂತಿತು. ಕುಂಕುಮ ಇಟ್ಟು ಹೂ ಮುಡಿಸಿ ಮುತ್ತೈದೆಯಾಗಿ ಕಳಿಸುವುದೋ, ಬೇಡವೋ? ಬೀದಿಯ ಹಿರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಗಟಿಯ ಭಾವ, "ಶಾಸ್ತ್ರ ಅಂತ ಒಂದ್ ಐತಲ್ಲ" ಎಂದರು. ನಾನು ಅಮ್ಮನನ್ನು ನೋಡಿದೆ. ವರ್ಷಗಟ್ಟಲೆ ಆ ಗಿಡವನ್ನು ಆಡಿಕೊಂಡವಳು ಅಮ್ಮ. ಅವಳು ಕುಡುಗೋಲು ತೆಗೆದುಕೊಂಡು ಹಿತ್ತಲಿಗೆ ಹೋದಳು. ಬಾವಿಯ ಕಡೆಯದು, ಗೋಡೆಯ ಕಡೆಯದು ಎಂದು ನೋಡಲಿಲ್ಲ. ಹೂವಿದ್ದದ್ದು, ಮೊಗ್ಗಿದ್ದದ್ದು, ಬರಿ ಚಿಗುರಿದ್ದದ್ದು ಎಲ್ಲವನ್ನೂ ಬುಡದವರೆಗೆ ಕುಯ್ದು, ಮುಳ್ಳು ಚುಚ್ಚಿ ರಕ್ತ ಬಂದ ಕೈಯಲ್ಲಿ ಸೆರಗಿನ ತುಂಬ ತಂದಳು.

"ಸತ್ತೋನ ಹೆಣ ತೋರ್ಸಿ ಭಾವ, ಆಮೇಲೆ ತೆಗೀತೀನಿ" ಎಂದಳು. ಅಮ್ಮನೇ ಕೂತು ಮುಡಿಸಿದಳು. ತುರುಬು ಸಾಲದೆ ಎದೆಯ ಮೇಲೆ, ಕೈಯ ಸುತ್ತ, ಪಾದದ ಬಳಿ. ಅಷ್ಟು ಹೂವಿದ್ದೂ ಆ ಕೋಣೆಯಲ್ಲಿ ಊದುಬತ್ತಿಯ ವಾಸನೆ ಬಿಟ್ಟು ಬೇರೆ ವಾಸನೆಯಿರಲಿಲ್ಲ.

ಸಾವಾದ ವರ್ಷ ಮನೆಯಲ್ಲಿ ಹೂ ಮುಡಿಯುವಂತಿಲ್ಲ, ಹೂವಿನ ಗಿಡ ಸವರುವಂತಿಲ್ಲ. ಬೋಳಾದ ಬುಡದಿಂದ ಸ್ವಲ್ಪ ದಿನಕ್ಕೇ ಚಿಗುರು ಬಂತು. ಅಮ್ಮ ದಿನಾ ಹೋಗಿ ನೋಡುವಳು. ಹಿಂಡಿ ನೀರು ಹಾಕುವಳು. ಆಡು ಬಾಯಿ ಹಾಕದಂತೆ ಮುಳ್ಳು ಕಟ್ಟಿದಳು. ಚಿಗುರು ಭರಭರನೆ ಆಳೆತ್ತರ ಬೆಳೆಯಿತು. ವರ್ಷದ ಕಾರ್ಯ ಮುಗಿದ ಮೇಲೆ ಮೊದಲ ಮೊಗ್ಗು ಬಿರಿಯಿತು. ಕೆಂಪಲ್ಲ. ತಿಳಿ ಗುಲಾಬಿ ಬಣ್ಣ, ಸಡಿಲ ಎಸಳು, ಹಿತ್ತಲೆಲ್ಲ ಗಮಗಮ. ಪುಟ್ಟತ್ತೆ ಮುರಿದು ಬಿಸಾಡುತ್ತಿದ್ದ, ಕಸಿ ಗಂಟಿನ ಕೆಳಗಿನ ನಾಟಿ ಗಿಡ ಅದು. ಅದರ ಮೇಲೆ ಕಸಿ ಕಟ್ಟಿದ್ದ ಕೆಂಪು ಅವಳ ಜೊತೆಯಲ್ಲೇ ಹೋಗಿತ್ತು. ಅಮ್ಮ ಆ ಹೂವನ್ನು ಕೊಯ್ದು ದೇವರಿಗೆ ಏರಿಸಿದಳು. ಅದಕ್ಕೆ ವಾಸನೆಯಿತ್ತಲ್ಲ.

ಈಗ ಅಮ್ಮನೂ ಇಲ್ಲ, ಅಪ್ಪನೂ ಇಲ್ಲ. ಮನೆ ಕೈ ಬದಲಾಗಿ, ಬಾವಿ ಮುಚ್ಚಿ, ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಶೆಡ್ಡು ನಿಂತಿದೆ. ಆ ನಾಟಿ ಗುಲಾಬಿಯ ಒಂದು ಕಡ್ಡಿ ಮಾತ್ರ ನನ್ನ ಜೊತೆ ತರೀಕೆರೆಗೆ ಬಂದು ಕುಂಡದಲ್ಲಿ ಬೇರು ಬಿಟ್ಟಿದೆ. ದಿನಾ ಒಂದು ಹೂ ದೇವರಿಗೆ ಸಿಗುತ್ತದೆ. ಇಷ್ಟಾದರೂ ಉಳಿಯಿತಲ್ಲ ಎಂದು ಕೈ ಮುಗಿಯುತ್ತೇನೆ.

ಮೊನ್ನೆ ಸಂಜೆ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಒಂದು ಗೊಂಚಲು ಕೊಟ್ಟರು. ಅದೇ ಕೆಂಪು. "ವಾಸ್ನೆ ಒಂದಿಲ್ಲ ಕಣ್ರೀ, ಆದ್ರೆ ಚೆನ್ನಾಗೈತೆ" ಎಂದರು. ಒಳಗೆ ತಂದು ದೇವರ ಕೋಣೆಯ ಬಾಗಿಲವರೆಗೆ ಹೋಗಿ ನಿಂತೆ. ಮೂಗಿಗೆ ಒತ್ತಿ ನೋಡಿದೆ. ಏನೂ ಇಲ್ಲ, ಎಲೆಯ ಹಸಿ ವಾಸನೆ ಅಷ್ಟೇ. ವಾಪಸು ಬಂದು ಕನ್ನಡಿ ನೋಡದೆ ತುರುಬಿಗೆ ಸಿಕ್ಕಿಸಿಕೊಂಡು ಅಕ್ಕಿ ಆರಿಸಲು ಕೂತೆ. ಕತ್ತಲಾಗುವ ಹೊತ್ತಿಗೆ ಗೇಟಿನ ಚಿಲಕ ಸದ್ದಾಯಿತು. ನಮ್ಮ ಯಜಮಾನರು ಚಪ್ಪಲಿ ಬಿಡುತ್ತ, "ಇವತ್ತೇನು ವಿಶೇಷ, ಹೂವೆಲ್ಲ?" ಎಂದರು.

"ಏನೂ ಇಲ್ಲ. ಸಂಜೆಗೆ ಬಂದ್ರಲ್ಲ" ಎಂದೆ. ಎದ್ದು ಕಾಫಿಗೆ ನೀರಿಟ್ಟೆ.