ವೇಳಾಪಟ್ಟಿ ಗುಮಾಸ್ತರು ಬಸ್ಸಿನಲ್ಲಿ ಬರುತ್ತಿದ್ದರು

ನಲವತ್ತು ಮೈಲಿ ಹಳಿ, ಹನ್ನೊಂದು ಸ್ಟೇಷನ್ನು, ನಾಲ್ಕು ಎಂಜಿನ್ನು. ಅದರಲ್ಲೂ ಒಂದು ಸದಾ ಶೆಡ್ಡಿನಲ್ಲೇ ಮಲಗಿರುತ್ತಿತ್ತು. ಇಷ್ಟೇ ಸಂಪತ್ತಿನ ರೈಲು ಕಂಪನಿಯಲ್ಲಿ ಗುಮಾಸ್ತರು ಮೂವತ್ತೊಂದು ವರ್ಷ ವೇಳಾಪಟ್ಟಿ ಬರೆದರು. ಯಾವ ಗಾಡಿ ಎಲ್ಲಿಗೆ ಎಷ್ಟು ಹೊತ್ತಿಗೆ ಬರಬೇಕೆಂದು ಕೆಂಪು, ಕಪ್ಪು ಮಸಿಯಲ್ಲಿ ಗೆರೆ ಎಳೆದು ತೀರ್ಮಾನಿಸುವುದು ಅವರ ಕೆಲಸ. ಗಾಡಿಗಳು ಅವರ ಮಾತು ಕೇಳಿದ್ದು ಅಪರೂಪ. ಮನೆಯಲ್ಲೇ ತನ್ನ ಮಾತು ನಡೆಯದಿರುವಾಗ ಗಾಡಿಗಳನ್ನು ದೂರಿ ಏನು ಬಂತು ಎಂದು ಅವರೇ ನಗುತ್ತಿದ್ದರು. ಊರವರು ಅವರಿಗೆ ‘ಲೇಟು ಗುಮಾಸ್ತರು’ ಎಂದು ಹೆಸರಿಟ್ಟಿದ್ದರು. ಆ ಹೆಸರೂ ತನಗೆ ತಡವಾಗಿಯೇ ಗೊತ್ತಾಯಿತು ಎನ್ನುತ್ತಿದ್ದರು ಅವರು.

ಕಂಪನಿ ಕಣ್ಣು ಮುಚ್ಚಿ ಹನ್ನೆರಡು ವರ್ಷವಾದ ಮೇಲೆ ಗ್ರಂಥಾಲಯದ ಮೇಲ್ವಿಚಾರಕಿ ಮನೆಗೆ ಬಂದು, ಅದರ ಚರಿತ್ರೆ ಬರೆದುಕೊಡಬೇಕು, ಓದುವ ಕೋಣೆಯಲ್ಲಿ ಒಂದು ಸಭೆ ಇಡುತ್ತೇವೆ ಎಂದರು. ತಾನೇ ಯಾಕೆ ಎಂದು ಗುಮಾಸ್ತರು ಎದೆಯುಬ್ಬಿಸಿ ಕೇಳಿದರು. ಆಫೀಸಿನವರಲ್ಲಿ ಉಳಿದಿರುವವರು ನೀವೊಬ್ಬರೇ ಎಂಬ ಉತ್ತರ ಬಂತು. ಉಬ್ಬಿದ ಎದೆ ಅಲ್ಲೇ ಇಳಿಯಿತು.

ಊಟದ ಮೇಜಿನ ಮೇಲೆ ಮೂರು ತಿಂಗಳು ಕೂತು ನಲವತ್ತು ಪುಟ ಬರೆದರು. ಸುರಂಗ ಕೊರೆದವರು ವೀರರಾದರು, ಸೇತುವೆ ಕಟ್ಟಿದವರು ಧೀರರಾದರು. ಕೊನೆಗೆ ಡಾಂಬರು ರಸ್ತೆ ಬಂದು, ಬಸ್ಸುಗಳು ಹೆಚ್ಚಿ ಕಂಪನಿಯ ಬಾಯಿಗೆ ಮಣ್ಣು ಹಾಕಿದವು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಹೆಂಡತಿ ಎಲ್ಲವನ್ನೂ ಓದಿ ಕನ್ನಡಕ ತೆಗೆದಿಟ್ಟರು.

"ಎಲ್ಲಾ ಸರಿ ಕಣ್ರೀ. ನೀವು ಆಫೀಸಿಗೆ ಹೇಗೆ ಹೋಗ್ತಿದ್ರಿ ಅಂತ ಮಾತ್ರ ಎಲ್ಲೂ ಇಲ್ವಲ್ಲ?"

ಗುಮಾಸ್ತರು ಬಸ್ಸಿನಲ್ಲಿ ಹೋಗುತ್ತಿದ್ದರು. ಕೆಲಸಕ್ಕೆ ಸೇರಿದ ವರ್ಷ ರೈಲಿನ ಬಿಟ್ಟಿ ಪಾಸು ಜೇಬಿನಲ್ಲಿಟ್ಟುಕೊಂಡು, ತನ್ನ ಪಟ್ಟಿಯನ್ನು ತಾನೇ ನಂಬಿ, ಒಂದೇ ತಿಂಗಳಲ್ಲಿ ಒಂಬತ್ತು ಸಲ ತಡವಾಗಿ ಹೋಗಿ ಬೈಸಿಕೊಂಡಿದ್ದರು. ಗಾಡಿ ತಡವಾದರೆ ತಪ್ಪು ಗಾಡಿಯದು, ಪಟ್ಟಿಯದಲ್ಲ ಎಂಬುದು ಅವರ ನಂಬಿಕೆ. ಹಾಗಾಗಿ ಪಟ್ಟಿಯನ್ನು ತಿದ್ದದೆ ಬಸ್ಸು ಹಿಡಿದರು. ನಾಲ್ಕು ವರ್ಷ ಸುಖವಾಗಿ ಕಳೆಯಿತು. ಒಂದು ಬೆಳಿಗ್ಗೆ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಕಂಪನಿಯ ದೊಡ್ಡ ಮ್ಯಾನೇಜರು. ಇಬ್ಬರ ಕಣ್ಣೂ ಕೂಡಿದವು. ಮ್ಯಾನೇಜರು ಪತ್ರಿಕೆಯನ್ನು ಮೂಗಿನವರೆಗೆ ಎತ್ತಿಕೊಂಡರು, ಗುಮಾಸ್ತರು ಕಿಟಕಿಯ ಸರಳು ಎಣಿಸಿದರು. ಅಂದಿನಿಂದ ದಿನವೂ ಒಬ್ಬರು ಮುಂದೆ, ಒಬ್ಬರು ಹಿಂದೆ. ಒಂದು ಮಾತಿಲ್ಲ. ಪ್ರಯಾಣಿಕರು ಯಾಕೆ ಕಡಿಮೆಯಾಗುತ್ತಿದ್ದಾರೆ ಎಂದು ಮೀಟಿಂಗುಗಳಲ್ಲಿ ಕೇಳುವಾಗ ಮ್ಯಾನೇಜರು ಗುಮಾಸ್ತರನ್ನು ಮಾತ್ರ ಬಿಟ್ಟು ಉಳಿದೆಲ್ಲರ ಮುಖ ನೋಡುತ್ತಿದ್ದರು.

ಇದನ್ನೆಲ್ಲ ಬರೆದರೆ ಮಾನ ಹರಾಜಾಗುತ್ತದೆ ಎಂದು ಗುಮಾಸ್ತರು ತಡವರಿಸಿದರು.

"ಆಗ್ಲಿ ಬಿಡಿ" ಎಂದರು ಹೆಂಡತಿ. "ನಲವತ್ತು ಪುಟದಲ್ಲಿ ಒಂದು ಕಡೆಯಾದ್ರೂ ಜನ ಎಚ್ಚರವಾಗಿರಬೇಕಲ್ಲ."

ಸಭೆಗೆ ಇಪ್ಪತ್ತೈದು ಜನ ಬಂದರು. ಗುಮಾಸ್ತರ ಓದು ಸುರಂಗಕ್ಕೆ ಬರುವ ಹೊತ್ತಿಗೆ ಇಬ್ಬರು ತೂಕಡಿಸುತ್ತಿದ್ದರು. ಹೊಸದಾಗಿ ಸೇರಿಸಿದ ಬಸ್ಸಿನ ಕಥೆ ಬಂದಾಗ ಕೋಣೆಯೇ ನಕ್ಕಿತು. ಎದುರು ಸಾಲಿನಲ್ಲಿದ್ದ ಹಳೆಯ ಎಂಜಿನ್ ಡ್ರೈವರ್ ಕಣ್ಣೊರೆಸಿಕೊಂಡು ನಕ್ಕ. ಆಮೇಲೆ ಹಿಂದಿನ ಸಾಲಿನಿಂದ ನಿವೃತ್ತ ನರ್ಸೊಬ್ಬರು ಎದ್ದು ನಿಂತರು. ಬಂತು ಗ್ರಹಚಾರ ಎಂದುಕೊಂಡು ಗುಮಾಸ್ತರು ಮೇಜು ಹಿಡಿದುಕೊಂಡರು.

"ಇಪ್ಪತ್ತು ವರ್ಷ ಎಂಟು ಹತ್ತರ ಗಾಡೀಲಿ ಆಸ್ಪತ್ರೆಗೆ ಹೋದೆ ಸರ್. ನಿಮ್ಮ ಪಟ್ಟಿ ಯಾವತ್ತೂ ನೋಡ್ಲಿಲ್ಲ. ಅದು ಬರ್ತಿದ್ದದ್ದು ಎಂಟು ನಲವತ್ತೇಳಕ್ಕೆ. ಮಳೆ ಬಂದ್ರೆ ಎಂಟು ಐವತ್ತೆರಡು. ಅಷ್ಟರಲ್ಲಿ ಮಕ್ಕಳನ್ನ ಶಾಲೆಗೆ ಬಿಟ್ಟು, ಬಟ್ಟೆ ಒಣಗ ಹಾಕಿ ಬರ್ತಿದ್ದೆ. ಸರಿಯಾದ ಹೊತ್ತಿಗೆ ಬಂದಿದ್ರೆ ನಾನು ಕೆಲಸಾನೇ ಬಿಡಬೇಕಾಗ್ತಿತ್ತು."

ಪಕ್ಕದಲ್ಲಿದ್ದವರು ತಮ್ಮ ಸ್ಟೇಷನ್ನಿಗೆ ಒಂಬತ್ತು ಹದಿನೆಂಟು ಎಂದರು. ಡ್ರೈವರ್ ಹೌದೆಂದು ತಲೆಯಾಡಿಸಿ, ಏರು ಹತ್ತುವ ಮುಂಚೆ ಎಂಜಿನ್ನಿಗೆ ನೀರು ತುಂಬಲು ನಿಲ್ಲಲೇಬೇಕಿತ್ತು, ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ ಎಂದ. ಗುಮಾಸ್ತರು ಕೊನೆಯ ಹಾಳೆಯನ್ನು ಮಗುಚಿ ಗೆರೆ ಎಳೆಯತೊಡಗಿದರು. ಗಂಟೆಯೊಳಗೆ, ಗಾಡಿ ನಿಜವಾಗಿ ಬರುತ್ತಿದ್ದ ಹೊತ್ತುಗಳಿಂದ ಹನ್ನೊಂದು ಸ್ಟೇಷನ್ನೂ ತುಂಬಿದವು. ಆಫೀಸಿನಿಂದ ಪ್ಲಾಟ್‌ಫಾರ್ಮಿಗೆ ಐವತ್ತು ಹೆಜ್ಜೆ. ಒಂದು ದಿನವಾದರೂ ಹೋಗಿ, ಅಲ್ಲಿ ನಿಂತವರನ್ನು ಕೇಳಬೇಕೆಂದು ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆದರೂ ಅಷ್ಟು ಹುರುಪಿನಿಂದ ಅವರು ಎಂದೂ ಗೆರೆ ಎಳೆದಿರಲಿಲ್ಲ.

ಚರಿತ್ರೆ ಅಚ್ಚಾಯಿತು, ಕೊನೆಯ ಪುಟದಲ್ಲಿ ಆ ಪಟ್ಟಿ. ಗ್ರಂಥಾಲಯಕ್ಕೆ ಬಂದವರು ನೇರ ಅದನ್ನೇ ತೆರೆದು, ತಮ್ಮ ಸ್ಟೇಷನ್ನು ಹುಡುಕಿ, ನಕ್ಕು, ಪುಸ್ತಕ ವಾಪಸ್ ಇಡುತ್ತಿದ್ದರು. ಉಳಿದ ಪುಟಗಳನ್ನೂ ಯಾರಾದರೂ ಓದಿಯೇ ಓದುತ್ತಾರೆ ಎಂದು ಮೇಲ್ವಿಚಾರಕಿ ಸಮಾಧಾನ ಹೇಳಿದರು. ತಾನೇ ಎರಡನೇ ಸಲ ಓದಿಲ್ಲ ಎಂದು ಗುಮಾಸ್ತರು ಒಪ್ಪಿಕೊಂಡರು.

ನರ್ಸಮ್ಮ ಮಾತ್ರ ಪೂರ್ತಿ ಓದಿ, ಭಾನುವಾರದ ಗಾಡಿಯ ಹೊತ್ತು ತಪ್ಪಿದೆ ಎಂದು ಚೀಟಿ ಕಳಿಸಿದರು. ಮಾರನೆಯ ಬೆಳಿಗ್ಗೆ ಗುಮಾಸ್ತರು ಸ್ಕೇಲು, ಪೆನ್ನು ಹಿಡಿದು ಗ್ರಂಥಾಲಯಕ್ಕೆ ಹೋಗಿ, ಇದ್ದ ಅರವತ್ತು ಪ್ರತಿಗಳನ್ನೂ ಒಂದೊಂದಾಗಿ ತಿದ್ದುತ್ತ ಕೂತರು.